ಡ್ಯಾಮಿನ ಮೇಲೆ ಕೂರಿಗಿ

ನಮ್ಮ ಮನೆಯಲ್ಲಿ ಕೂರಿಗಿ ಎಂಬ ಮಾತಿಗೆ ಎರಡು ಅರ್ಥ. ಒಂದು ಊರಿಗೆಲ್ಲ ಗೊತ್ತಿರುವುದು: ಎತ್ತು ಹೂಡಿ, ಹೆಂಗಸರು ಹಿಂದೆ ನಡೆಯುತ್ತ ಬಟ್ಟಲಿಗೆ ಬೀಜ ಬಿಡುತ್ತ, ಸಾಲು ಹಿಡಿದು ಬಿತ್ತುವ ಸಾಧನ. ಇನ್ನೊಂದು ನಮ್ಮ ಹೊಸ್ತಿಲೊಳಗೆ ಮಾತ್ರ ನಡೆಯುವ ಅರ್ಥ: ಹೊಸದಾಗಿ ಕಟ್ಟಿದ ಗೋಡೆಗೆ ನೀರು ಹೊಡೆಯುವುದು. ಬೈಲಹೊಂಗಲದಲ್ಲಿ ನಾವು ಮನೆ ಕಟ್ಟಿಸುವಾಗ ನಾನು ಗೌಂಡಿಗೆ, "ಸಂಜಿ ಕೂರಿಗಿ ನಾ ಮಾಡತೇನಿ, ನೀವು ಹೋಗ್ರಿ" ಎಂದುಬಿಟ್ಟಿದ್ದೆ. ಆತ ಕರಣಿ ಹಿಡಿದುಕೊಂಡೇ ನಮ್ಮ ಹಿತ್ತಲನ್ನು ಒಂದು ಸುತ್ತು ನೋಡಿದ. ಅಲ್ಲಿ ಎತ್ತೂ ಇರಲಿಲ್ಲ, ಹೊಲವೂ ಇರಲಿಲ್ಲ.

"ಕ್ಯೂರಿಂಗ್ ಅನ್ನಾಕತ್ತಾಳರಿ" ಎಂದು ನನ್ನ ಗಂಡ ತಿದ್ದಿದರು.

"ಹೆಸರು ಏನರ ಇರವಲ್ದ್ಯಾಕ, ನೀರು ಬಿದ್ದರ ಸಾಕು" ಎಂದಳು ಒಳಗಿನಿಂದ ಅವ್ವ.

ಈ ಹೆಸರನ್ನು ಮನೆಗೆ ತಂದವಳೇ ಅವ್ವ. ಸವದತ್ತಿಯ ಹತ್ತಿರ ಮಲಪ್ರಭೆಗೆ ಅಡ್ಡಲಾಗಿ ಡ್ಯಾಮು ಕಟ್ಟುತ್ತಿದ್ದ ಕಾಲದಲ್ಲಿ ಆಕೆ ಅಲ್ಲಿ ಗೋಡೆಗೆ ನೀರುಣಿಸುವ ಹೆಂಗಸರ ಗುಂಪಿನಲ್ಲಿದ್ದಳು. ಅಪ್ಪ ಅದೇ ಗೋಡೆಗೆ ಕಲ್ಲಿಡುವ ಗೌಂಡಿ. ನಾನು ಹುಟ್ಟಿದ್ದು ಆ ಡ್ಯಾಮಿನ ಕೆಲಸಗಾರರ ಶೆಡ್ಡಿನಲ್ಲಿ. ಶಾಲೆಗೆ ಹೋಗುವ ವಯಸ್ಸಿನ ತನಕ ಅಲ್ಲೇ ಬೆಳೆದೆ. ಆದರೆ ಈಗ ಹೇಳಹೊರಟಿರುವುದು ನಾನು ಹುಟ್ಟುವ ಮೊದಲಿನ ಮಾತು. ಅವ್ವ ಹೇಳುವಾಗ ಅಪ್ಪ ನಡುವೆ ಬಾಯಿ ಹಾಕಿ ತಿದ್ದಿ, ಅಪ್ಪ ತಿದ್ದಿದ್ದನ್ನು ಅವ್ವ ಮತ್ತೆ ತಿದ್ದಿ, ಕೇಳಿ ಕೇಳಿ ನನಗೆ ಅದು ಕಣ್ಣಾರೆ ಕಂಡಷ್ಟೇ ಗಟ್ಟಿಯಾಗಿದೆ.

ಅಪ್ಪ ರಾಮದುರ್ಗ ತಾಲೂಕಿನವನು. ಸಾಲಹಳ್ಳಿಯಿಂದ ಕಾಲುದಾರಿ ಹಿಡಿದರೆ ಸಿಗುವ ಸಣ್ಣ ಊರು. ಒಕ್ಕಲುತನದ ಮನೆ, ಅಣ್ಣತಮ್ಮಂದಿರು ಬಹಳ. ಹೊಲಕ್ಕೆ ಬೇಕಾದಷ್ಟು ಕೈಗಳಿದ್ದುದರಿಂದ ಅಪ್ಪ ಹುಡುಗನಿದ್ದಾಗಲೇ ಕಲ್ಲಿನ ಕೆಲಸ ಕಲಿತ. ಡ್ಯಾಮು ಶುರುವಾದಾಗ ಕರಣಿ, ಗೋಡೆಯ ನೇರ ನೋಡುವ ಓಳಂಬಿ ಕಟ್ಟಿಕೊಂಡು ಹೊರಟವನು ಅಲ್ಲಿಯೇ ನಿಂತ. ಅವ್ವ ಕಿತ್ತೂರ ಕಡೆಯವಳು, ಎಂ.ಕೆ. ಹುಬ್ಬಳ್ಳಿಯ ಆಚೆ ಆಕೆಯ ತವರು. ಬೇಸಿಗೆಯಲ್ಲಿ ಮದುವೆಯಾಯಿತು. ಮದುವೆಯ ಹಂದರ ಬಿಚ್ಚುವ ಹೊತ್ತಿಗೆ ಅಪ್ಪ ಡ್ಯಾಮಿಗೆ ಹೊರಟುಹೋಗಿದ್ದ. ಅವ್ವ ಅತ್ತೆಮಾವ, ಭಾವಂದಿರು, ನೆಗೆಣ್ಣಿಯರು ತುಂಬಿದ ಮನೆಯಲ್ಲಿ ಉಳಿದಳು. ಅಮಾವಾಸ್ಯೆಗೆ ಅಪ್ಪ ಬರುತ್ತಿದ್ದ. ಬಂದಾಗ ಜಗುಲಿಯ ತುಂಬ ಮಂದಿ. ಡ್ಯಾಮಿನ ಸುದ್ದಿ ಕೇಳುವವರಿಗೆ ಹೇಳಿ ಮುಗಿಸುವುದರೊಳಗೆ ತಿರುಗಿ ಹೋಗುವ ಹೊತ್ತಾಗುತ್ತಿತ್ತು. "ನನಗ ಅವರ ಬೆನ್ನ ಗುರುತು ಆಗಿತ್ತು, ಮಾರಿ ಗುರುತು ಆಗಿರಲಿಲ್ಲ" ಎಂದು ಅವ್ವ ಈಗಲೂ ಅನ್ನುತ್ತಾಳೆ.

ಡ್ಯಾಮಿನ ಕೆಳಗೆ ಕೆಲಸಗಾರರಿಗೆಂದು ತಗಡು ಹೊದಿಸಿದ ಶೆಡ್ಡುಗಳ ಸಾಲಿತ್ತು. ಗಂಡ ಹೆಂಡತಿ ಇಬ್ಬರೂ ಕೆಲಸದಲ್ಲಿದ್ದರೆ ಮಾತ್ರ ಒಂದು ಶೆಡ್ಡು. ಒಂಟಿ ಗಂಡಸರು ಗುಂಪಾಗಿ ಇರಬೇಕು. ಕೆಲಸವಿಲ್ಲದ ಹೆಂಗಸರಿಗೆ ಅಲ್ಲಿ ಜಾಗವೇ ಇಲ್ಲ. ಹೀಗಾಗಿ ಅಪ್ಪ ಅವ್ವ ಕೂಡಿ ಸಂಸಾರ ಹೂಡಬೇಕಾದರೆ ಅವ್ವನಿಗೆ ಡ್ಯಾಮಿನಲ್ಲಿ ಕೆಲಸ ಸಿಗಬೇಕಿತ್ತು. ಆ ವರ್ಷ ಮಳೆಗಾಲ ಮುಗಿದು ಗೋಡೆಯ ಕೆಲಸ ಮತ್ತೆ ಶುರುವಾಗುವಾಗ, ಕ್ಯೂರಿಂಗಿಗೆ ಹೆಣ್ಣಾಳು ಬೇಕು ಎಂದು ಮುಕಾದಮ ಹೇಳಿದ. ಮುಕಾದಮ ಅಂದರೆ ಆಳುಗಳ ಮೇಲಿನ ಮೇಸ್ತ್ರಿ. ಅಪ್ಪ ಕೂಡಲೇ ರಾಮದುರ್ಗದ ಸಂತೆಗೆ ಹೊರಟಿದ್ದ ಗಾಡಿಯವನ ಹತ್ತಿರ ಹೇಳಿಕಳಿಸಿದ: ಕ್ಯೂರಿಂಗಿಗೆ ಆಳು ಬೇಕಾಗ್ಯಾರ, ಆಕಿನ್ನ ಕಳಸ್ರಿ, ಜೋಡಿ ಯಾರರ ಬಂದರೂ ಛಲೋ.

ಗಾಡಿಯವ ಸಂತೆಯಲ್ಲಿ ಸಿಕ್ಕ ನಮ್ಮೂರ ಬಳೆಗಾರನಿಗೆ ಹೇಳಿದ. ಬಳೆಗಾರ ನಮ್ಮ ಮನೆಯ ಜಗುಲಿಯಲ್ಲಿ ಕೂತು ನೀರು ಕುಡಿದು ಹೇಳಿದ, "ಕೂರಿಗಿಗೆ ಆಳು ಬೇಕಾಗ್ಯಾವಂತ."

ಯಾರಿಗೂ ಸಂಶಯ ಬರಲಿಲ್ಲ. ಮಾನವಮಿ ಮುಗಿದಿತ್ತು, ಹಿಂಗಾರಿ ಜೋಳ ಬಿತ್ತುವ ಹಂಗಾಮು, ಊರಿಗೆ ಊರೇ ಕೂರಿಗಿಯ ಹಿಂದಿತ್ತು. ಸರಕಾರ ಅಷ್ಟು ಭೂಮಿ ಹಿಡಿದಿದೆ, ನೀರು ನಿಲ್ಲುವ ತನಕ ಬೀಳು ಬಿಡುವುದೇಕೆಂದು ಬಿತ್ತಿಸುತ್ತಿರಬೇಕು ಎಂದು ನನ್ನ ಅಜ್ಜ ತೀರ್ಮಾನ ಕೊಟ್ಟ. ಕೂರಿಗಿಯ ಹಿಂದೆ ಬೀಜ ಬಿಡುವುದರಲ್ಲಿ ನಮ್ಮ ಮನೆಯ ಹೆಂಗಸರ ಕೈ ಊರಲ್ಲೇ ಹೆಸರಾದದ್ದು. ಅಪ್ಪನ ದೊಡ್ಡವ್ವ, ನಾನು ಮುಂದೆ ದೊಡ್ಡಾಯಿ ಎಂದು ಕರೆದವಳು, ಗಂಡ ಇಲ್ಲದವಳು, ಊರ ಬಾಣಂತಿಯರಿಗೆಲ್ಲ ನೀರು ಹಾಕಿದವಳು, ತಾನೇ ಮುಂದಾಗಿ ಹೊರಟಳು. ಓಣಿಯ ಮತ್ತೆ ಮೂರ್ನಾಲ್ಕು ಮಂದಿ ಸೇರಿದರು. ಬಿತ್ತಲು ಹೋಗುವವರು ಖಾಲಿ ಉಡಿಯಲ್ಲಿ ಹೋಗುವುದುಂಟೇ? ಎಲ್ಲರೂ ಉಡಿಯಲ್ಲಿ ಬಿಳಿಜೋಳದ ಬೀಜ ಕಟ್ಟಿಕೊಂಡರು. ಕೂರಿಗಿಗೆ ಹಚ್ಚಲು ದೊಡ್ಡಾಯಿ ವಿಭೂತಿ ಗಟ್ಟಿ ಇಟ್ಟುಕೊಂಡಳು.

ಡ್ಯಾಮಿನ ಹತ್ತಿರ ಇಳಿದಾಗ ಅವ್ವ ಕಂಡದ್ದು ಬರೀ ಬಂಡೆ. ಎರಡು ಗುಡ್ಡಗಳ ನಡುವೆ ಕಲ್ಲಿನ ಗೋಡೆ, ಅದರ ಮೇಲೆ ಇರುವೆಯ ಹಾಗೆ ಮಂದಿ. ಮುಕಾದಮ ಬಂದು ನೋಡಿದ.

"ಯಾಕ್ರವಾ, ಉಡಿಯಾಗ ಏನ ತಂದೀರಿ?"

"ಬೀಜರೀ" ಎಂದಳು ದೊಡ್ಡಾಯಿ. "ಸ್ವಚ್ಛ ಬಿಳಿಜ್ವಾಳ. ಕೂರಿಗಿ ಎಲ್ಲಿ ಹೂಡೀರಿ?"

"ಯಾವ ಕೂರಿಗಿ?"

"ನೀವs ಕರಿಸೀರಲ್ಲರಿ, ಕೂರಿಗಿಗೆ ಆಳು ಬೇಕಂತ. ಎತ್ತು ಒಂದೂ ಕಾಣವಲ್ವು."

ಮುಕಾದಮ ತೊಡೆ ತಟ್ಟಿಕೊಂಡು ನಕ್ಕ. ಮಾತು ಗೋಡೆಯ ಮೇಲಿನವರೆಗೆ ಹೋಯಿತು. ಮೇಲಿನಿಂದ ಒಬ್ಬ ಕೂಗಿದ, "ಏ, ಡ್ಯಾಮಿನ ಮ್ಯಾಲ ಜ್ವಾಳ ಬಿತ್ತಾಕ ಬಂದಾರಲೇ! ಅಕ್ಕಾರ, ಹಸಿ ತೆನಿ ಸುಟ್ಟು ಸೀತನಿ ತಿನ್ನಾಕ ಯಾವಾಗ ಬರೂಣರೀ?" ಕಲ್ಲು ಕಟೆಯುವ ಸದ್ದೆಲ್ಲ ನಿಂತು ನಗೆಯೇ ನಗೆ. ಅಪ್ಪನೂ ನಕ್ಕನಂತೆ, ಉಡಿ ಹಿಡಿದು ನಿಂತವರಲ್ಲಿ ಮುಂದಿನವಳು ತನ್ನ ಹೆಂಡತಿ ಎಂದು ಕಾಣುವ ತನಕ.

"ಆಮ್ಯಾಲ ನಾ ಕಲ್ಲಿನ ಹಿಂದ ಕುಂತೆ" ಎಂದು ಅಪ್ಪ ಒಪ್ಪಿಕೊಳ್ಳುತ್ತಾನೆ.

"ಅಡಗಿ ಕುಂತ್ರು ಅನ್ರಿ" ಎನ್ನುತ್ತಾಳೆ ಅವ್ವ.

ನಕ್ಕು ಮುಗಿದ ಮೇಲೆ ಮುಕಾದಮನ ಮುಖ ಬಿಗಿಯಿತು. ಆತ ಕೆಟ್ಟವನಲ್ಲ. ಗೋಡೆ ಒಣಗಿ ಬಿರುಕು ಕಂಡರೆ ಬೈಸಿಕೊಳ್ಳುವವನು ಆತ. ಕೆಲಸದ ಹೆಸರೇ ಗೊತ್ತಿಲ್ಲದವರನ್ನು ಇಟ್ಟುಕೊಂಡು ಏನು ಮಾಡಲಿ, ಬಂದ ದಾರಿ ಹಿಡಿಯಿರಿ ಎಂದ. ಅಷ್ಟರಲ್ಲಿ ಮೈಸೂರ ಕಡೆಯ ಒಬ್ಬ ಇಂಜಿನಿಯರ್ ಸಾಹೇಬರು ಅಲ್ಲಿಗೆ ಬಂದರು. ಸಂಗತಿ ಕೇಳಿ ಅವರಿಗೂ ನಗು. "ಇರಲಿ ಬಿಡಪ್ಪ, ಅಷ್ಟು ದೂರದಿಂದ ಬಂದಿದಾರೆ. ದೀಪಾವಳಿ ಆಗೋವರೆಗೂ ನೋಡು. ಗೋಡೆ ಒಣಗಿದ್ದು ಒಂದು ಸಲ ಕಂಡರೂ ಕಳಿಸಿಬಿಡು" ಎಂದರು. ಅಲ್ಲಿಯ ತನಕ ಹೆಂಗಸರಿಗೆಲ್ಲ ಸೇರಿ ಒಂದು ದೊಡ್ಡ ಶೆಡ್ಡು. ಅಪ್ಪ ತನ್ನ ಒಂಟಿ ಗಂಡಸರ ಶೆಡ್ಡಿನಲ್ಲಿ. ದೀಪಾವಳಿ ದಾಟಿದರೆ ಇಬ್ಬರಿಗೂ ಒಂದು ಬಾಗಿಲು. ಗೋಡೆ ಒಣಗಿದರೆ ಅವ್ವ ಮತ್ತೆ ರಾಮದುರ್ಗದ ಗಾಡಿ ಹತ್ತಬೇಕು, ಮತ್ತೆ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಬೆನ್ನು ನೋಡಬೇಕು.

ಕೆಲಸ ಹೀಗಿತ್ತು. ಗೌಂಡಿಗಳು ಸಿಮೆಂಟಿನ ಗಾರೆ ಹಾಕಿ ಕಲ್ಲು ಕೂಡಿಸಿ ಹೋದ ಮೇಲೆ ಆ ಕಟ್ಟಡ ಬಹಳ ದಿನ ಹಸಿಯಾಗಿಯೇ ಇರಬೇಕು. ಮೇಲ್ಭಾಗದಲ್ಲಿ ಉಸುಕಿನ ಸಣ್ಣ ಬದುವು ಹಾಕಿ ನೀರು ನಿಲ್ಲಿಸಬೇಕು. ಬದಿಗಳಿಗೆ ಗೋಣಿತಟ್ಟು ಇಳಿಬಿಟ್ಟು ತೋಯಿಸುತ್ತ ಇರಬೇಕು. ಕೆಳಗೆ ಹೊಳೆಯ ಹತ್ತಿರ ಪಂಪು, ಅಲ್ಲಿಂದ ಮೇಲಕ್ಕೆ ಕೊಳವೆ, ಕೊಳವೆಯ ಬಾಯಿಂದ ಕೊಡ. ಉಸುಕಿನ ಬದುವು ನೋಡಿದ ಕೂಡಲೇ ನಮ್ಮ ಹೆಂಗಸರಿಗೆ ಕೆಲಸದ ಗುಟ್ಟು ತಿಳಿದುಹೋಯಿತು. "ಇದು ಮಡಿ ಕಟ್ಟಿ ಬಾವಿ ನೀರು ಹಾಯ್ಸಿದಂಗ ಐತಿ" ಎಂದಳಂತೆ ಅವ್ವ. ಮೆಣಸಿನಗಿಡದ ಮಡಿಗೆ ನೀರು ಬಿಟ್ಟು ಬೆಳೆದವರು, ಒಂದು ಮಡಿ ತುಂಬಿ ಇನ್ನೊಂದಕ್ಕೆ ತಾನೇ ಹರಿಯುವ ಹಾಗೆ ಬದುವಿನಲ್ಲಿ ಕಂಡಿ ಬಿಟ್ಟರು. ಒಂದು ಕೊಡ ನೀರು ನಾಲ್ಕು ಮಡಿ ತಿರುಗಿ ಬರುತ್ತಿತ್ತು.

ಆ ಗುಡ್ಡದ ಕಂಡಿಯಲ್ಲಿ ಗಾಳಿ ಮಾತ್ರ ಬಿಡುವುದೇ ಇಲ್ಲ. ತೋಯಿಸಿ ಬಂದು ತಿರುಗಿ ನೋಡಿದರೆ ಗೋಣಿತಟ್ಟಿನ ಅಂಚು ಬೆಳ್ಳಗಾಗಿರುತ್ತಿತ್ತು. ದೊಡ್ಡಾಯಿ ಬಾಣಂತಿಯರ ಲೆಕ್ಕದಲ್ಲೇ ಗೋಡೆಯನ್ನು ನೋಡಿದಳು. "ಹಸಿ ಮೈ ಐತಿ ಇದರದು. ಗಾಳಿ ತಾಗಬಾರದು, ಬಿಸಲು ಬಡೀಬಾರದು. ಮುಚ್ಚರೆವಾ, ಕಿವಿ ಮುಚ್ಚರಿ" ಎನ್ನುತ್ತ ಗೋಡೆಯ ಮೂಲೆಗಳಿಗೆ ತಟ್ಟು ಸಿಕ್ಕಿಸುತ್ತಿದ್ದಳು. ಗೋಡೆಗೆ ಕಿವಿ ಎಲ್ಲಿರುತ್ತದೆ ಎಂದು ಗೌಂಡಿಗಳು ಕೇಳಿದರೆ, "ನಿಮ್ಮ ಅವ್ವ ನಿಮ್ಮ ಕಿವಿ ಮುಚ್ಚಿದ್ದಕ್ಕs ನೀವು ಇಷ್ಟು ಗಟ್ಟಿ ಆಗೀರಿ, ಸುಮ್ಮ ಕಲ್ಲ ಇಡ್ರಿ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಅಪ್ಪ ಅವ್ವ ಒಂದೇ ಗೋಡೆಯ ಮೇಲೆ ಇದ್ದರೂ ಹಿರಿಯರ ಎದುರು ಮಾತಾಡುವ ಹಾಗಿರಲಿಲ್ಲ. ಅಪ್ಪ ಒಂದು ಉಪಾಯ ಕಂಡುಕೊಂಡ. ತಾನು ಕೂತಲ್ಲಿಂದ ಗಾಳಿಗೆ ಹೇಳಿದ ಹಾಗೆ, "ಇಲ್ಲಿ ನೀರು ಸಾಲವಲ್ತು!" ಎಂದು ಕೂಗುತ್ತಿದ್ದ. ಅವ್ವ ಕೊಡ ಹೊತ್ತು ಹೋಗಿ ಸುರಿದು ಬರುತ್ತಿದ್ದಳು. ಸ್ವಲ್ಪ ಹೊತ್ತಿಗೆ ಮತ್ತೆ, "ಇಲ್ಲಿ ನೀರು!" ಕೊನೆಗೊಮ್ಮೆ ಪಕ್ಕದ ಗೌಂಡಿ ಕೈ ಮುಗಿದ, "ತಂಗೀ, ಅವನ ಮೂಲ್ಯಾಗ ಡ್ಯಾಮ ಆಗಲೇ ತುಂಬೇತಿ. ಇನ್ನ ಹಾಕಬ್ಯಾಡವಾ, ನಾವು ತೇಲಿ ಹೋಗತೇವಿ!"

ಹೀಗೆ ದೀಪಾವಳಿ ಬಂತು. ಮೊದಲ ದೀಪಾವಳಿ ಅಂದರೆ ಹೊಸ ಅಳಿಯನದು. ಹೆಂಡತಿಯ ತವರಿನಲ್ಲಿ ಎಣ್ಣೆ ಹಚ್ಚಿಸಿಕೊಂಡು, ಬಿಸಿನೀರು ಹುಯ್ಯಿಸಿಕೊಂಡು, ಹೊಸ ಧೋತರ ಉಟ್ಟು, ಹೋಳಿಗೆ ಸಾಕೆಂದರೂ ಕೇಳದೆ ಬಡಿಸುವ ಮಂದಿಯ ನಡುವೆ ಕೂರುವ ಹಬ್ಬ. ನೀರು ತುಂಬುವ ಹಬ್ಬದ ಮುಂಜಾನೆ ನನ್ನ ಸೋದರಮಾವ ಕಿತ್ತೂರಿಂದ ಬಸ್ಸು ಹಿಡಿದು, ಸವದತ್ತಿಯಿಂದ ನಡೆದು, ತಂಗಿಯನ್ನೂ ಭಾವನನ್ನೂ ಕರೆಯಲು ಡ್ಯಾಮಿಗೆ ಬಂದ. ಅಪ್ಪ ಅಷ್ಟೊತ್ತಿಗೆ ತಲೆ ಬಾಚಿಕೊಂಡು ತಯಾರಾಗಿದ್ದ.

ಅಂದೇ ಪಂಪು ನಿಂತಿತು. ಕೆಟ್ಟದ್ದಲ್ಲ. ನಡೆಸುವವನು ಹಬ್ಬಕ್ಕೆ ತನ್ನೂರಿಗೆ ಹೋಗಿದ್ದ, ಅಷ್ಟೇ. ಮುಕಾದಮನೂ ಹೋಗಿದ್ದ, ಸಾಹೇಬರೂ ಹೋಗಿದ್ದರು. ಗೌಂಡಿಗಳಲ್ಲಿ ಮುಕ್ಕಾಲು ಪಾಲು ಖಾಲಿ. ಹಬ್ಬ ಮುಗಿಯುವ ತನಕ ಕೆಲಸ ಬಂದ್ ಎಂದ ಮೇಲೆ ನೀರು ಹಾಕುವವರೂ ಹೋಗುತ್ತಾರೆ ಎಂದು ಎಲ್ಲರೂ ಅಂದುಕೊಂಡಿದ್ದರು. ಗೋಡೆಗೆ ಹಬ್ಬವಿಲ್ಲ ಎನ್ನುವುದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಅವ್ವ ಗೋಣಿತಟ್ಟು ಮುಟ್ಟಿ ನೋಡಿದಳು. ಮಧ್ಯಾಹ್ನಕ್ಕೆ ಇದು ಒಣಗುತ್ತದೆ ಎಂದು ಗೊತ್ತಾಯಿತು.

"ಅಣ್ಣಾ, ನಾ ಬರೂದುಲ್ಲ" ಎಂದಳು.

ಮಾವ ಮೊದಲು ಚೇಷ್ಟೆ ಎಂದುಕೊಂಡ. ಆಮೇಲೆ ಕೆರಳಿದ. "ಅವ್ವ ಅಲ್ಲಿ ಹೂರಣ ರುಬ್ಬಾಕತ್ತಾಳ. ಓಣಿ ಮಂದಿ ಹೊಸ ಅಳಿಯನ ದಾರಿ ನೋಡಾಕತ್ತಾರ. ನಾ ಹೋಗಿ ಏನ ಹೇಳಲಿ? ಗ್ವಾಡಿ ಬಿಟ್ಟು ಬರೂದುಲ್ಲಂದ್ಲು ಅಂತ ಹೇಳಲೇನು?"

"ಹಂಗs ಹೇಳು."

"ನಿನಗೇನ ತಲಿ ಸರಿ ಐತೇನ?"

"ಇದು ಒಣಗಿದರ ನನ್ನ ಊರಿಗೆ ಕಳಸ್ತಾರ. ಇವರ ಇಲ್ಲಿ, ನಾ ಅಲ್ಲಿ. ಅಷ್ಟಕ್ಕs ಮದುವಿ ಮಾಡಿಕೊಟ್ಟೀರೇನು? ಹೋಳಿಗಿ ಮುಂದಿನ ವರ್ಷ ಉಂತೇನಿ ತಗೋ."

ಇಷ್ಟು ಮಾತನ್ನು ಆಕೆ ಅಪ್ಪನ ಎದುರಿಗೇ ಹೇಳಿದಳು. ಗಂಡನ ಮುಂದೆ ಹಾಗೆ ಬಾಯಿ ತೆರೆದದ್ದು ಅದೇ ಮೊದಲು. ಅಪ್ಪ ಹೋಳಿಗೆಯ ಕಡೆ ಒಂದು ಕಣ್ಣು, ಹೆಂಡತಿಯ ಕಡೆ ಒಂದು ಕಣ್ಣು ಮಾಡಿ ನಿಂತಿದ್ದವನು, ಹೊಸ ಅಂಗಿ ಬಿಚ್ಚಿ ಮೊಳೆಗೆ ತೂಗುಹಾಕಿದ. "ಭಾವಾ, ಕೊಡ ಎತ್ತಾಕ ಬರತೈತೇನ ನಿನಗ?" ಎಂದ.

ಆ ದಿನ ಅವರು ನೀರು ತುಂಬುವ ಹಬ್ಬ ಮಾಡಿದರು. ಮನೆಯ ಹಂಡೆಗೆ ತುಂಬುವ ಬದಲು ಗೋಡೆಗೆ. ಹೊಳೆಯಿಂದ ಮೇಲಿನ ತನಕ ಇದ್ದವರೆಲ್ಲ ಸಾಲಾಗಿ ನಿಂತರು. ಹೆಂಗಸರು, ಊರಿಗೆ ಹೋಗದೆ ಉಳಿದ ನಾಲ್ಕಾರು ಗೌಂಡಿಗಳು, ಅಪ್ಪ, ಬಾಯಲ್ಲಿ ಬೈಯುತ್ತ ಕೈಯಲ್ಲಿ ಕೊಡ ದಾಟಿಸುತ್ತ ಮಾವ. ಇಸ್ತ್ರಿಯ ಅಂಗಿ ಹಾಕಿಕೊಂಡು ಬಂದಿದ್ದ ಮಾವ ಸಂಜೆಯ ಹೊತ್ತಿಗೆ ತೋಯ್ದ ಕೋಣನ ಹಾಗಿದ್ದ. "ನಮ್ಮೂರಾಗ ಹಂಡೆ ತುಂಬಿದ್ರ ಹಬ್ಬ ಆಗತಿತ್ತು. ಇಲ್ಲಿ ಗುಡ್ಡಾನ ತುಂಬಬೇಕಲ್ಲೋ ಮಾರಾಯಾ!" ಎನ್ನುತ್ತಿದ್ದ. ಮರುದಿನ ನಸುಕಿನಲ್ಲಿ ಅಪ್ಪನಿಗೆ ಎಣ್ಣೆ ಹಚ್ಚಿದವನೂ ಮಾವನೇ, ಹೊಳೆಯ ದಂಡೆಯ ಮೇಲೆ. ಹಚ್ಚಿದ್ದಕ್ಕಿಂತ ತಿಕ್ಕಿದ್ದು ಹೆಚ್ಚು, ಸಿಟ್ಟೆಲ್ಲ ನನ್ನ ಬೆನ್ನಿನ ಮೇಲೆ ತೀರಿಸಿಕೊಂಡ ಎಂದು ಅಪ್ಪನ ದೂರು. ಅವ್ವ ಸ್ಟೀಲಿನ ತಾಟಿನಲ್ಲಿ ದೀಪ ಇಟ್ಟು ಅಣ್ಣನಿಗೆ ಆರತಿ ಬೆಳಗಿದಳು. ಆತ ತಾಟಿಗೆ ಉಡುಗೊರೆ ಹಾಕಿ, "ಹಟಮಾರಿ" ಎಂದ. ಆದರೆ ಹಬ್ಬ ಮುಗಿಯುವ ತನಕ ಊರಿಗೆ ಹೋಗಲಿಲ್ಲ.

ಈ ಗದ್ದಲದಲ್ಲಿ ದೊಡ್ಡಾಯಿ ತನ್ನದೊಂದು ಕೆಲಸ ಮಾಡಿದ್ದಳು. ಬಿತ್ತಲೆಂದು ಉಡಿಯಲ್ಲಿ ಕಟ್ಟಿ ಒಯ್ದ ಬೀಜವನ್ನು ಬಿತ್ತದೆ ತಿರುಗಿ ಮನೆಗೆ ತರುವುದು ನಮ್ಮ ಕಡೆ ಒಳ್ಳೆಯದಲ್ಲ. ಹೆಂಗಸರೆಲ್ಲರ ಬೀಜ ಗಂಟಿನಲ್ಲಿ ಹಾಗೇ ಇತ್ತು. ಪಂಪು ನಿಂತ ದಿನ ಆಕೆಗೆ ಅಂಜಿಕೆ ಹುಟ್ಟಿತು, ಬಿತ್ತದ ಬೀಜವೇ ಈ ವಿಘ್ನ ತಂದಿತೇನೋ ಎಂದು. ಮೇಲಿನ ಮಡಿಗಳ ಅಂಚಿಗೆ, ಹಸಿ ಉಸುಕಿನಲ್ಲಿ, ಗೋಣಿತಟ್ಟಿನ ಕೆಳಗೆ ಎಲ್ಲವನ್ನೂ ಸಾಲು ಹಿಡಿದು ಉದುರಿಸಿದಳು. ಗೋಡೆಗೆ ವಿಭೂತಿ ಹಚ್ಚಿದಳು. "ಬಿತ್ತೇವಿ ತಾಯಿ, ಇನ್ನ ನೀ ಒಣಗಬ್ಯಾಡ" ಎಂದು ಕೈ ಮುಗಿದಳು.

ಹಬ್ಬ ಮುಗಿಸಿ ಮುಕಾದಮ ಬಂದದ್ದು ಬಿರುಸಾಗಿ. ಪಂಪು ನಿಲ್ಲಿಸಿ ಹೋದ ಸುದ್ದಿ ಅವನಿಗೆ ದಾರಿಯಲ್ಲೇ ಸಿಕ್ಕಿತ್ತು. ಬೆನ್ನ ಹಿಂದೆ ಸಾಹೇಬರೂ ಇದ್ದರು. ಗೋಡೆ ಒಣಗಿ ಬೆಳ್ಳಗಾಗಿರುತ್ತದೆ, ಹೆಂಗಸರನ್ನು ಕಳಿಸಿಯೇ ಬಿಡುವುದು ಎಂದುಕೊಂಡು ಬಂದವನು ಮೊದಲ ಗೋಣಿತಟ್ಟು ಕಿತ್ತು ಎತ್ತಿದ. ಕೆಳಗೆ ಹಸಿರು. ಬೆರಳುದ್ದದ ಜೋಳದ ಮೊಳಕೆ, ಸಾಲು ಹಿಡಿದು, ಕೂರಿಗಿಯಿಂದ ಬಿತ್ತಿದಷ್ಟು ನೇರವಾಗಿ.

"ಅಯ್ಯಯ್ಯ! ಡ್ಯಾಮಿನ ಮ್ಯಾಲ ಬೆಳಿ ತಗದಾರಲ್ಲರೀ ಸಾಹೇಬ್ರ! ಖರೇನs ಬಿತ್ತ್ಯಾರ!"

ಸಾಹೇಬರು ಬಗ್ಗಿ ಒಂದು ಮೊಳಕೆ ಕಿತ್ತರು. ಬೇರು ಉಸುಕಿನಲ್ಲಷ್ಟೇ ಇತ್ತು. ಕೈ ಇಟ್ಟು ಕಲ್ಲನ್ನು ಮುಟ್ಟಿದರು. ಮುಂದಿನ ತಟ್ಟು ಎತ್ತಿಸಿ ಮುಟ್ಟಿದರು, ಅದರ ಮುಂದಿನದನ್ನೂ. ಎಲ್ಲ ತಣ್ಣಗೆ, ಹಸಿ.

"ಪಂಪ್ ನಿಂತಿತ್ತಲ್ಲ, ನೀರೆಲ್ಲಿಂದ ಬಂತು?" ಎಂದು ಕೇಳಿದರು.

"ಪಂಪ್ ಬಂದ್ ಇತ್ತರೀ. ಹೊಳಿ ಬಂದ್ ಇರಲಿಲ್ಲಲ್ಲರಿ" ಎಂದಳು ದೊಡ್ಡಾಯಿ.

ಮುಕಾದಮ ಆ ಕಡೆ ಈ ಕಡೆ ನೋಡಿದ. ಹೊಳೆಯ ದಂಡೆಯಿಂದ ಮೇಲಿನ ತನಕ ಕೆಸರಾದ ಕಾಲುದಾರಿ, ಅಲ್ಲಲ್ಲಿ ಒಡೆದ ಕೊಡದ ಚೂರು, ಅಲ್ಲೇ ಕೂತು ಭುಜ ಒತ್ತಿಕೊಳ್ಳುತ್ತಿದ್ದ, ಯಾರೆಂದು ಗೊತ್ತಿಲ್ಲದ ನನ್ನ ಸೋದರಮಾವ. "ನೀವ್ಯಾರು?" ಎಂದು ಮುಕಾದಮ ಕೇಳಿದ. "ನಾ ಹಬ್ಬಕ್ಕ ಕರಿಯಾಕ ಬಂದಾಂವರಿ. ಇಲ್ಲೇ ದುಡಿಯಾಕ ಹಚ್ಚಿದ್ರು" ಎಂದ ಮಾವ. ಸಾಹೇಬರು ನಕ್ಕದ್ದು ನಿಲ್ಲಲೇ ಇಲ್ಲವಂತೆ. ಮೊಳಕೆಗಳನ್ನೆಲ್ಲ ಕೂಡಲೇ ಕಿತ್ತು ಹಾಕಿ ಎಂದು ಹೇಳಿ, ಹೋಗುತ್ತ ತಿರುಗಿ ನಿಂತರು. "ಈ ಕೂರಿಗಿ ಗ್ಯಾಂಗನ್ನ ಎಲ್ಲಿಗೂ ಕಳಿಸಬೇಡ."

ಆ ಹೆಸರು ಅಲ್ಲಿಂದ ಅಂಟಿಕೊಂಡಿತು. ಡ್ಯಾಮು ಮುಗಿಯುವ ತನಕ ಹೊಸದಾಗಿ ಬಂದ ಸಾಹೇಬರೂ, "ಆ ಕಡೆಗೆ ಕೂರಿಗಿ ಗ್ಯಾಂಗ್ ಹಾಕಿ" ಎನ್ನುತ್ತಿದ್ದರಂತೆ. ಕ್ಯೂರಿಂಗ್ ಎಂಬ ಮಾತನ್ನು ಅಲ್ಲಿ ಯಾರೂ ಆಡುತ್ತಿರಲಿಲ್ಲ. ಕಿತ್ತ ಮೊಳಕೆಯನ್ನು ಮುಕಾದಮನ ಎಮ್ಮೆ ತಿಂದಿತು. ಆತ ತನ್ನ ಮನೆಯ ಹಬ್ಬದ ಕರಚಿಕಾಯಿ ತಂದು ಹೆಂಗಸರಿಗೆ ಹಂಚಿದ.

ಶೆಡ್ಡು ಸಿಕ್ಕಿತು. ಸಾಲಿನ ಕೊನೆಯದು, ಗಾಳಿ ಬಡಿಯುವ ಮಗ್ಗುಲಿನದು, ಬಾಗಿಲು ಸರಿಯಾಗಿ ಕೂಡದ್ದು. ಮಾವ ಊರಿಗೆ ಹೋಗುವ ಮೊದಲು ಮೂರು ಕಲ್ಲು ಹೂಡಿ ಒಲೆ ಮಾಡಿಕೊಟ್ಟ. ಮೊದಲ ಮುಂಜಾನೆ ಅವ್ವ ರೊಟ್ಟಿ ಬಡಿದಳು. ಅಪ್ಪ ಬುತ್ತಿ ಕಟ್ಟಿಕೊಂಡು ಗೋಡೆ ಹತ್ತಿದ. ಆವತ್ತೆಲ್ಲ ಕಲ್ಲಿಡುವ ನಡುವೆ ನಡುವೆ ಕೆಳಗೆ ಬಗ್ಗಿ ನೋಡುತ್ತಿದ್ದನಂತೆ, ಕೊನೆಯ ಶೆಡ್ಡಿನಿಂದ ಹೊಗೆ ಬರುತ್ತಿದೆಯೋ ಇಲ್ಲವೋ ಎಂದು. ಒಲೆ ಆರಿ ಅವ್ವ ಗೋಡೆಯ ಮೇಲೆ ಬಂದು ನೀರು ಹಾಕುತ್ತಿರುವಾಗಲೂ ನೋಡುತ್ತಿದ್ದ. "ಹೊಗಿ ಎಲ್ಲಿಂದ ಬರಬೇಕರಿ, ನಾ ಇಲ್ಲೇ ಅದೀನಲ್ಲ!" ಎಂದು ಅವ್ವ ಗದರಿಸಿದಳು. ಅಷ್ಟೊತ್ತಿಗೆ ಹಿರಿಯರ ಮುಂದೆ ಮಾತಾಡುವ ನಾಚಿಕೆ ಇಬ್ಬರಿಗೂ ಹೋಗಿತ್ತು.

ಆ ಶೆಡ್ಡಿನಲ್ಲೇ ನಾನು ಹುಟ್ಟಿದೆ. ಗೋಡೆಗೂ ನನಗೂ ಒಟ್ಟಿಗೆ ಬಾಣಂತನ ಮಾಡಿದವಳು ದೊಡ್ಡಾಯಿ. ನನಗೆ ನೆನಪಿರುವುದು ಚೂರುಚೂರು. ಅಪ್ಪನ ಹುಬ್ಬಿನಲ್ಲಿ ಕೂತ ಕಲ್ಲಿನ ಬಿಳಿ ಪುಡಿ. ಹಸಿ ಗೋಣಿತಟ್ಟಿನ ವಾಸನೆ, ಈಗಲೂ ಮಳೆ ಬಂದಾಗ ಕಿರಾಣಿ ಅಂಗಡಿಯ ಮುಂದೆ ಆ ವಾಸನೆ ಬಂದರೆ ನಾನು ನಿಂತುಬಿಡುತ್ತೇನೆ. ಬಂಡೆ ಸಿಡಿಸುವ ಮೊದಲು ಊದುತ್ತಿದ್ದ ಸೀಟಿ, ಊದಿದ ಕೂಡಲೇ ಎಲ್ಲ ತಾಯಂದಿರೂ ತಮ್ಮ ಮಕ್ಕಳೋ ಯಾರ ಮಕ್ಕಳೋ ನೋಡದೆ ಕೈಗೆ ಸಿಕ್ಕವರನ್ನು ಎತ್ತಿಕೊಂಡು ಒಳಗೆ ಓಡುತ್ತಿದ್ದದ್ದು. ಒಂದು ಸಲ ನನ್ನನ್ನು ತಮಿಳು ಮಾತಾಡುವ ಒಬ್ಬ ತಾಯಿ ಎತ್ತಿಕೊಂಡು ಹೋಗಿ, ಅನ್ನ ಸಾರು ಉಣ್ಣಿಸಿ ಕಳಿಸಿದ್ದಳು. ಮನೆಗೆ ಬಂದು ನಾನು ರೊಟ್ಟಿ ಬೇಡವೆಂದು ಅತ್ತೆನಂತೆ.

ಅಪ್ಪ ಅವ್ವ ಈಗ ಬೈಲಹೊಂಗಲದಲ್ಲಿ ನಮ್ಮ ಜೊತೆ ಇದ್ದಾರೆ. ಡ್ಯಾಮಿನ ನೀರು ಕಾಲುವೆ ಹಿಡಿದು ಎಲ್ಲೆಲ್ಲಿಗೆ ಹೋಗುತ್ತದೆ ಎನ್ನುವುದು ಅಪ್ಪನಿಗೆ ಬಾಯಿಪಾಠ. ಟಿವಿಯಲ್ಲಿ ಡ್ಯಾಮು ತುಂಬಿತೆಂದು ತೋರಿಸಿದರೆ ನಮ್ಮಲ್ಲಿ ಆ ದಿನ ಸಿಹಿ. ಆಮೇಲೆ ಯಾವಾಗಲೂ ಅದೇ ಜಗಳ. ಅಪ್ಪ, "ನಾ ಕಟ್ಟಿದ್ದು" ಎನ್ನುತ್ತಾನೆ. ಅವ್ವ, "ನೀವು ಬರೇ ಕಲ್ಲ ಇಟ್ರಿ. ಬೆಳಸಿದಾಕಿ ನಾ" ಎನ್ನುತ್ತಾಳೆ. ನಾನು ಯಾರ ಕಡೆಗೂ ಹೋಗುವುದಿಲ್ಲ. ಆ ಗೋಡೆ ಇಷ್ಟು ವರ್ಷದ ನೀರಿಗೆ ಎದೆಗೊಟ್ಟು ನಿಂತಿದೆ ಎಂದರೆ ಅದರಲ್ಲಿ ಇಬ್ಬರ ಕೈಯೂ ಇದೆ ಎಂದು ಸಾರು ಕುದಿಸುತ್ತ ಒಳಗೊಳಗೇ ಬೀಗುತ್ತೇನೆ.

ಹೋದ ವರ್ಷ ಮಳೆಗಾಲ ಕಳೆದ ಮೇಲೆ ಇಬ್ಬರನ್ನೂ ಕಾರಿನಲ್ಲಿ ಕೂಡಿಸಿಕೊಂಡು ಹೋಗಿದ್ದೆವು. ಗೇಟು ತೆರೆದಿದ್ದರು, ನೋಡುವ ಮಂದಿ ಬಹಳ. ಎಲ್ಲರೂ ಬೀಳುವ ನೀರಿನ ಕಡೆ ಮುಖ ಮಾಡಿದ್ದರೆ ಅವ್ವ ಗೋಡೆಯ ಕಡೆ ನೋಡುತ್ತ ನಿಂತಳು, ನೆರೆಮನೆಯ ಬೆಳೆದ ಹುಡುಗನನ್ನು ನೋಡಿದ ಹಾಗೆ, ಗುರುತು ಹಿಡಿಯುತ್ತ. ಆಮೇಲೆ ಶೆಡ್ಡಿನ ಜಾಗ ನೋಡೋಣ ಎಂದಳು. ಅಲ್ಲಿ ಈಗ ಏನೂ ಇಲ್ಲ. ಜಾಲಿಯ ಕಂಟಿ, ನಡುವೆ ಬಯಲು. ಅಪ್ಪ, "ಇಲ್ಲಲ್ಲ, ಇನ್ನೂ ಆ ಕಡೆ" ಎಂದ. ಅವ್ವ ಕೇಳಲಿಲ್ಲ. ಗಾಳಿ ಬಂದ ದಿಕ್ಕಿಗೆ ಮುಖ ಕೊಟ್ಟು ನಿಂತು, ಗೋಡೆಯ ಕಡೆ ನೋಡಿ, ಒಂದು ಜಾಗ ಗೊತ್ತು ಮಾಡಿದಳು.

"ಇದು ಬಾಗಲ" ಎಂದು ಕಾಲಿನಿಂದ ಗೆರೆ ಎಳೆದಳು. "ಇಲ್ಲಿ ಒಲಿ. ಈ ಮೂಲ್ಯಾಗ ನಿನ್ನ ತೊಟ್ಟಲ ಕಟ್ಟಿದ್ವಿ."

ಸೆರಗು ತಲೆಯ ಮೇಲೆ ಎಳೆದುಕೊಂಡು ಅವ್ವ ಒಲೆಯ ಜಾಗದ ಪಕ್ಕ ಮೆಲ್ಲಗೆ ನೆಲಕ್ಕೆ ಕೂತಳು. ಅಪ್ಪ ಕೋಲು ಊರಿಕೊಂಡು ಗೆರೆಯ ಆಚೆಯೇ ನಿಂತಿದ್ದ.

"ಅಲ್ಲೇ ಯಾಕ ನಿಂತೀರಿ ಹೊರಗ?" ಎಂದಳು ಅವ್ವ. "ಒಳಗ ಬರ್ರಿ."

ಅಪ್ಪ ಚಪ್ಪಲಿಯನ್ನು ಗೆರೆಯ ಹೊರಗೆ ಜೋಡಿಸಿ ಬಿಟ್ಟು, ತಲೆ ಸ್ವಲ್ಪ ಬಗ್ಗಿಸಿ, ಒಳಗೆ ಬಂದ.